ಪರ್ವತಪ್ಪನವರ ಪಾರ್ಕಿನಲ್ಲಿ ನಮ್ಮ ಕಂಬಳಿ

ಆಗ ನನಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಅದಾಗಿ ನಲವತ್ತು ವರ್ಷದ ಮೇಲಾಯಿತು. ಸರಿಯಾಗಿ ಎಷ್ಟು ಎಂದು ಕೇಳಬೇಡಿ. ನಮ್ಮಲ್ಲಿ ಹುಟ್ಟಿದ್ದನ್ನು ಬರೆದಿಡುವವರು ಇರಲಿಲ್ಲ, ಮಳೆಯ ಹೆಸರು ಹೇಳಿ ಮುಗಿಸುತ್ತಿದ್ದರು. ನಾನು ಹುಟ್ಟಿದ್ದು ಆಶ್ಲೇಷ ಮಳೆಯಲ್ಲಂತೆ. ಅದಕ್ಕೇ ಇರಬೇಕು, ಒದ್ದೆ ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ಈಗ ಇದು ನೆನಪಾಗಲು ಕಾರಣ ಒಂದು ಕಂಬಳಿ. ಮೊನ್ನೆ ಸೊಸೆ ಅಟ್ಟ ಗುಡಿಸುವಾಗ ಅದನ್ನು ಕೆಳಗೆ ಎಸೆದು, "ಇದನ್ನ ಬಿಸಾಕ್ಲಾ ಅತ್ತೆ? ನಾಯಿ ಮಲಗ್ಸಕ್ಕೂ ಆಗಲ್ಲ" ಎಂದಳು. "ಬಿಸಾಕು" ಎಂದೆ. ಕಂಬಳಿಯ ಮೇಲೆ ನನಗೇನೂ ಮೋಹವಿಲ್ಲ. ಆದರೆ ಅವಳು ಕೊಡವಿದಾಗ ಒಂದು ವಾಸನೆ ಬಂತು. ಒದ್ದೆ ಕಂಬಳಿಯ ವಾಸನೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕುರಿ ಸತ್ತಿಲ್ಲ, ಸ್ನಾನವನ್ನೂ ಮಾಡಿಲ್ಲ, ನಿಮ್ಮ ಪಕ್ಕದಲ್ಲೇ ಮಲಗಿದೆ. ಅಷ್ಟೇ. ಆ ವಾಸನೆಯ ಹಿಂದೆಯೇ ಪೇಟೆಯ ಜವಳಿ ಸಾಹುಕಾರ ಪರ್ವತಪ್ಪನವರೂ ನೆನಪಿಗೆ ಬಂದರು, ಕರಿ ಕೋಟು ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತಾ. ಅವರು ಸತ್ತು ಎಷ್ಟೋ ವರ್ಷವಾಯಿತು, ಪಾಪ.

ನಾವಿದ್ದದ್ದು ಆಲ್ದೂರಿನ ಆಚೆ ಒಂದು ಕಾಫಿ ತೋಟದ ಲೈನಿನಲ್ಲಿ. ಲೈನು ಎಂದರೆ ಆಳುಗಳ ಮನೆಸಾಲು. ಎರಡು ಸಂಸಾರಕ್ಕೆ ಒಂದೇ ಗೋಡೆ, ಎಲ್ಲರಿಗೂ ಸೇರಿ ಒಂದೇ ಜಗಳ. ಬಿಳಿ ದೊರೆಗಳು ಇನ್ನೂ ತೋಟ ಬಿಟ್ಟು ಹೋಗಿರಲಿಲ್ಲ. ನಮ್ಮ ತೋಟ ಮಾತ್ರ ಕರಿಯರದ್ದೇ, ಗೌಡರದ್ದು. ಯಾರದ್ದಾದರೂ ಮಳೆ ಒಂದೇ.

ಕಾಫಿ ತೋಟ ನೋಡದವರು ಒಂದು ವಿಷಯ ತಿಳಿದುಕೊಳ್ಳಬೇಕು. ಅಲ್ಲಿ ಬಿಸಿಲು ನೆಲಕ್ಕೆ ಬೀಳುವುದಿಲ್ಲ. ಬೀಳಬಾರದು, ಕಾಫಿಗೆ ನೆರಳು ಬೇಕು. ಮೇಲೆ ಹಲಸು, ಅತ್ತಿ, ನಂದಿ. ಅದರ ಕೆಳಗೆ ಹಾಲುವಾಣ. ಅದರ ಕೆಳಗೆ ಕಾಫಿ. ಅದರ ಕೆಳಗೆ ನಾವು. ಆರಿದ್ರೆ ಮಳೆಯಲ್ಲಿ ನೆನೆದ ಕಂಬಳಿ ದಸರಾ ತನಕ ಒಣಗುವ ಹಾಗೇ ಇಲ್ಲ. ಹಗಲು ಅದನ್ನೇ ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟುಕೊಂಡು ಮಳೆಯಲ್ಲಿ ಕಳೆ ತೆಗೆಯುವುದು, ರಾತ್ರಿ ಅದನ್ನೇ ಹಿಂಡಿ ಹೊದೆಯುವುದು. ಇನ್ನೊಂದು ಕಂಬಳಿ ಇಟ್ಟುಕೊಳ್ಳಬಾರದಿತ್ತೇ ಎಂದು ಮೊಮ್ಮಗಳು ಕೇಳುತ್ತಾಳೆ. ಅವಳಿಗೆ ಚಪ್ಪಲಿಯೇ ಮೂರು ಜೊತೆ ಇದೆ, ಕೇಳುತ್ತಾಳೆ.

ಒಲೆಯ ಮೇಲೆ ಒಣಗಿಸಬಹುದಲ್ಲ ಎಂದು ನೀವೂ ಕೇಳಬಹುದು. ನನ್ನ ಗಂಡ ಹಾಗೆಯೇ ಮಾಡಿದ. ಒಲೆಯ ಮೇಲೆ ಬಿದಿರು ಕಟ್ಟಿ ಹರವಿ ಮಲಗಿದ. ಬೆಳಿಗ್ಗೆ ನೋಡಿದರೆ ನಟ್ಟನಡುವೆ ತಲೆ ತೂರುವಷ್ಟು ದೊಡ್ಡ ತೂತು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ತೂತಿನಲ್ಲಿ ತಲೆ ತೂರಿಸಿಕೊಂಡು ಹಾಗೆಯೇ ಕೆಲಸಕ್ಕೆ ಹೋದ. ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿ ಅವನನ್ನು "ಏನೋ ಪಾದ್ರಿ" ಎಂದು ಕರೆದರು. ಆ ಹೆಸರು ಅವನು ಸಾಯುವ ತನಕ ಬಿಡಲಿಲ್ಲ. ಕಾಫಿ ಒಣಗಿಸುವ ಕಣ ಇತ್ತಲ್ಲ ಎಂದೂ ಕೇಳಬೇಡಿ. ಆಗ ಕಣ ಮಣ್ಣಿನದು. ಮಳೆಗಾಲದಲ್ಲಿ ಪಾಚಿಗಟ್ಟಿ ನೀರು ಒಸರುತ್ತಿತ್ತು. ಕಾಲಿಟ್ಟವರು ಕೂತೇ ಏಳಬೇಕು.

ಉಳಿದದ್ದು ಪೇಟೆಯ ಕೆರೆ ಮೇಲಿನ ಬಯಲು. ಪೇಟೆಯ ಹೆಸರು ಹೇಳುವುದಿಲ್ಲ, ಪರ್ವತಪ್ಪನವರ ಮೊಮ್ಮಕ್ಕಳು ಈಗಲೂ ಅಲ್ಲಿ ಜವಳಿ ಅಂಗಡಿ ಇಟ್ಟಿದ್ದಾರೆ, ನನಗೆ ಸೀರೆಯಲ್ಲಿ ಬಿಡಿಗಾಸು ಬಿಡುತ್ತಾರೆ. ಕೆರೆಯ ಏರಿಯಿಂದ ಮೇಲಕ್ಕೆ ಒಂದೇ ಸಮನೆ ಗಿಡ್ಡ ಹುಲ್ಲು, ಮರ ಒಂದೂ ಇಲ್ಲ, ತಲೆಯ ಮೇಲೆ ನೇರ ಆಕಾಶ. ಸುತ್ತಲಿನ ಅಷ್ಟೂ ತೋಟಗಳಿಗೆ ಸೇರಿ ಅದೊಂದೇ ಬಿಸಿಲು. ಮಳೆಗಾಲದ ನಡುವೆ ಮಳೆ ಎರಡು ಮೂರು ದಿನ ಕೈ ಬಿಟ್ಟರೆ ಅದಕ್ಕೆ ಹೊಳವು ಎನ್ನುತ್ತೇವೆ. ಹೊಳವು ಭಾನುವಾರ ಬಿದ್ದರೆ ನಮ್ಮ ಪುಣ್ಯ. ಭಾನುವಾರ ತೋಟಕ್ಕೂ ರಜ, ಪೇಟೆಯಲ್ಲಿ ಸಂತೆಯೂ ಅವತ್ತೇ. ಕಂಬಳಿ ಹೊತ್ತುಕೊಂಡು ಹೋಗುವುದು, ಹುಲ್ಲಿನ ಮೇಲೆ ಹರವಿ ಮೂಲೆಗೊಂದು ಕಲ್ಲಿಡುವುದು, ಸಂತೆ ಮುಗಿಸಿ ಮಡಚಿಕೊಂಡು ಬರುವುದು.

ಆದರೆ ಬಿಸಿಲು ಬೇಕಾದವರು ನಾವೊಬ್ಬರೇ ಅಲ್ಲ. ಸಂತೆಯ ಗಾಡಿಯವರು ಎತ್ತು ಕಟ್ಟುತ್ತಿದ್ದರು. ಪೇಟೆಯ ದನ ಮೇಯುತ್ತಿದ್ದವು. ಸ್ಕೂಲಿನ ಮೇಷ್ಟರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿ ಇಳಿಸುತ್ತಿದ್ದರು. ಸಾಯಂಕಾಲವಾದರೆ ತೋಟದ ಸಾಹುಕಾರರು, ಡಾಕ್ಟರು, ಒಬ್ಬ ಬಿಳಿ ದೊರೆ ಬಲೆ ಕಟ್ಟಿಕೊಂಡು ಟೆನಿಸ್ ಆಡುತ್ತಿದ್ದರು. ಎತ್ತಿನವನಿಗೆ ದನದವನ ಮೇಲೆ ಸಿಟ್ಟು, ದನದವನಿಗೆ ಮೇಷ್ಟರ ಮೇಲೆ, ಎಲ್ಲರಿಗೂ ನಮ್ಮ ಮೇಲೆ. ಒಂದು ದಿನ ಒಂದು ಕರಿ ಹಸು ಆ ಬಲೆಯನ್ನೇ ಅಗಿದು ಅರ್ಧ ನುಂಗಿಬಿಟ್ಟಿತು. ಬಲೆಗೆ ಆಡುವವರ ಬೆವರಿನ ಉಪ್ಪು ಅಂಟಿತ್ತೋ ಏನೋ. ಈ ಕಡೆಯಿಂದ ಡಾಕ್ಟರು ಎಳೆಯುತ್ತಾರೆ, ಆ ಕಡೆಯಿಂದ ಹಸು ಎಳೆಯುತ್ತದೆ. ಹಸು ಗೆದ್ದಿತು. ಅದು ಪರ್ವತಪ್ಪನವರದ್ದೇ ಹಸು.

ಆ ನಾಚಿಕೆಗೋ, ಬೇರೆ ಯಾವುದಕ್ಕೋ, ಅವರು ಬಯಲನ್ನು ಪಾರ್ಕು ಮಾಡುತ್ತೇನೆಂದು ಎದ್ದುನಿಂತರು. ಕೆಟ್ಟವರಲ್ಲ. ಹಣೆಯ ತುಂಬ ವಿಭೂತಿ, ಬಡವರು ಬಂದರೆ ಬಟ್ಟೆ ಅಳೆಯುವಾಗ ಒಂದು ಗೇಣು ಮುಂದೆಯೇ ಹರಿಯುತ್ತಿದ್ದರು. ಜವಳಿ ತರಲು ಬೆಂಗಳೂರಿಗೆ ಹೋದಾಗ ಅಲ್ಲಿನ ದೊಡ್ಡ ಹೂದೋಟ ನೋಡಿಕೊಂಡು ಬಂದಿದ್ದರು. ಅಂಗಡಿಗೆ ಬಂದವರಿಗೆಲ್ಲ ಅದೇ ಮಾತು. "ಅಲ್ಲಿ ಜನ ಬರ್ತಾರೆ, ಹುಲ್ಲಿನ ಮೇಲೆ ಸುಮ್ನೆ ಕೂತ್ಕಂತಾರೆ. ಏನೂ ಮಾಡಲ್ಲ! ಗಾಳಿ ಸೇವ್ನೆ!" ಏನೂ ಮಾಡದೆ ಕೂರುವುದು ಅವರಿಗೆ ಅಷ್ಟು ದೊಡ್ಡ ವಿಷಯವಾಗಿ ಕಂಡಿತ್ತು. ನನಗೂ ಆಶ್ಚರ್ಯವೇ ಆಯಿತು.

ಕಮಿಟಿ ಮಾಡಿದರು. ಕಮಿಟಿಯಲ್ಲಿ ಇವರೊಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಕಾಫಿ ಬೆಳೆಗಾರರು. ಕಾಫಿಯವರಿಗೆ ಖಾಲಿ ನೆಲ ಕಂಡರೆ ಕೈ ತುರಿಸುತ್ತದೆ. ಮೊದಲು ಏನು ಮಾಡಿದರು ಗೊತ್ತೇ? ನೆರಳು ನೆಟ್ಟರು! ಬಯಲಿನ ಉದ್ದಕ್ಕೂ ಸಾಲು ಹಿಡಿದು ಹಾಲುವಾಣದ ಗೂಟ. ಹಾಲುವಾಣ ಅಂದರೆ ಬಡಿಗೆ ಕಡಿದು ನೆಲಕ್ಕೆ ಚುಚ್ಚಿದರೂ ಮಳೆಗೆ ಚಿಗುರುವ ಮರ. ಎರಡು ವರ್ಷ ಬಿಟ್ಟರೆ ಆ ಬಯಲೂ ತೋಟದ ಹಾಗೆ ಕತ್ತಲಾಗುತ್ತಿತ್ತು. ಮಧ್ಯಾಹ್ನ ದೀಪ ಹಚ್ಚಿಕೊಂಡು ಗಾಳಿ ಸೇವನೆ ಮಾಡಬೇಕಿತ್ತು.

ಆಮೇಲೆ ಸುತ್ತ ಬೇಲಿ ಕಟ್ಟಿ, ಬಾಗಿಲಿಟ್ಟು, ಒಂದು ಸಂತೆಯ ದಿನ ಡಂಗುರ ಹೊಡೆಸಿದರು. ನಮಗೆ ಓದಲು ಬಾರದು, ಕಿವಿ ಚೆನ್ನಾಗಿತ್ತು.

"ಕೇಳ್ರಪ್ಪೋ ಕೇಳಿ! ಕೆರೆ ಮ್ಯಾಲಿನ ಬಯ್ಲು ಇವತ್ತಿಂದ ಪಾರ್ಕು! ದನ ಬಿಡಂಗಿಲ್ಲ, ಎತ್ತು ಕಟ್ಟಂಗಿಲ್ಲ, ಹುಲ್ಲಿನ ಮ್ಯಾಲೆ ಬಟ್ಟೆ ಬರೆ ಕಂಬ್ಳಿ ಹರವಂಗಿಲ್ಲ! ಗಾಳಿ ಸೇವ್ನೆಗೆ ಬರೋರು ಬಂದು ಕೂರಬೋದು!"

ಗಾಡಿಯವರು ಬೈದುಕೊಂಡು ಏರಿಯ ಕೆಳಗೆ ಹೋದರು. ದನಗಳು ಡಂಗುರ ಕೇಳಲಿಲ್ಲ, ಬೇಲಿ ತೂರಿ ಮೇಯುತ್ತಲೇ ಇದ್ದವು. ಸಿಕ್ಕಿಬಿದ್ದವರು ನಾವು.

ಬೇರೆ ವರ್ಷವಾಗಿದ್ದರೆ ನಾನೂ ಬೈದು ಸುಮ್ಮನಾಗುತ್ತಿದ್ದೆನೇನೋ. ಆ ವರ್ಷ ಆಗುವಂತಿರಲಿಲ್ಲ. ನನ್ನ ಮಗಳು ಚಿಕ್ಕಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಆರಿದ್ರೆಯಲ್ಲಿ ಹಿಡಿದ ಕೆಮ್ಮು ಎರಡು ತಿಂಗಳಾಗಿ ಮಘೆ ಮಳೆ ಬಂದರೂ ಬಿಟ್ಟಿರಲಿಲ್ಲ. ಹಿಂದಿನ ಮಳೆಗಾಲ ಪಕ್ಕದ ಮನೆಯ ಪುಟ್ಟಕ್ಕನ ಮಗು ಇಂಥದ್ದೇ ಕೆಮ್ಮಿನಲ್ಲಿ ಹೋಗಿತ್ತು. ಅದನ್ನು ಹೆಚ್ಚು ಬೆಳೆಸುವುದಿಲ್ಲ. ಆಸ್ಪತ್ರೆಯ ಕಂಪೌಂಡರು ಚಿಕ್ಕಿಯ ಬೆನ್ನು ತಟ್ಟಿ ನೋಡಿ ಹೇಳಿದ್ದು ಇಷ್ಟು: "ಔಷ್ದಿ ಕೊಡ್ತೀನಿ. ಆದ್ರೆ ಒದ್ದೆ ಕಂಬ್ಳಿಲಿ ಮಲಗ್ಸಿದ್ರೆ ಔಷ್ದಿ ಚರಂಡಿಗೆ ಚೆಲ್ದಂಗೆ."

ಮಘೆ ಮುಗಿದು ಹುಬ್ಬೆ ಹಿಡಿಯುವ ಮೊದಲು ಶುಕ್ರವಾರ ಹೊಳವಾಯಿತು. ಶನಿವಾರವೂ ಮೋಡ ಕೂಡಲಿಲ್ಲ. ತೋಟದಿಂದ ಬರುವಾಗ ನಾನು ಪುಟ್ಟಕ್ಕನನ್ನು ಕೇಳಿದೆ.

"ಡಂಗುರದೋನು ಕೂರಬೋದು ಅಂದ್ನಲ್ಲ?"

"ಅಂದ."

"ಏನು ಹಾಕ್ಕಂಡು ಕೂರ್ಬೇಕು ಅಂದ?"

"ಅದೇನೂ ಅನ್ಲಿಲ್ಲ ಮಾರಾಯ್ತಿ."

"ಹಂಗಾರೆ ಕೊಪ್ಪೆ ಹಾಕ್ಕಂಡು ಕೂರದು."

ಪುಟ್ಟಕ್ಕ ನಿಂತೇಬಿಟ್ಟಳು. "ಒದ್ದೆ ಕಂಬ್ಳಿನಾ? ಬಿಸ್ಲಲ್ಲಿ? ಬೆಂದು ಹೋಗ್ತೀವಿ ಕಣೆ!"

"ಬೇಯ್ಲಿ. ಕಂಬ್ಳಿ ಒಣಗುತ್ತಲ್ಲ."

ಅವಳು ನನ್ನ ಮುಖ ನೋಡಿದಳು, ನನ್ನ ಸೊಂಟದ ಮೇಲೆ ಕೆಮ್ಮುತ್ತಿದ್ದ ಚಿಕ್ಕಿಯನ್ನು ನೋಡಿದಳು. ಲೈನಿನ ಒಂದೊಂದು ಬಾಗಿಲನ್ನೂ ಬಡಿಯುತ್ತಾ ಹೋದಳು. ಪುಟ್ಟಕ್ಕ ಬಡಿದ ಬಾಗಿಲನ್ನು ತೆಗೆಯದೆ ಇರುವ ಧೈರ್ಯ ಯಾರಿಗೂ ಇರಲಿಲ್ಲ.

ಭಾನುವಾರ ಬಿಸಿಲು ಏರುವ ಹೊತ್ತಿಗೆ ಪಾರ್ಕಿನ ಬಾಗಿಲಲ್ಲಿ ನಿಂತೆವು. ಪಕ್ಕದ ತೋಟದ ಹೆಂಗಸರೂ ಸೇರಿದ್ದರು. ಕಾವಲಿಗೆ ಇದ್ದವನು ಮಾಲಿ ತಿಮ್ಮ, ಕಡೂರಿನ ಕಡೆಯ ಬಯಲುಸೀಮೆಯವನು. ಪಾಪ, ಪಾರ್ಕು ಆದಾಗಿನಿಂದ ಗಾಳಿ ಸೇವನೆಗೆ ಎಂದು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ನಮ್ಮನ್ನು ಕಂಡು ಅವನ ಮುಖ ಅರಳಿತು.

"ಗಾಳಿ ಸೇವ್ನೆಗೆ ಬಂದ್ರಾ?"

"ಹೂಂ ಕಣಣ್ಣ. ಎಲ್ಲಿ ಕೂರ್ಬೇಕು?"

"ಎಲ್ಲಾದ್ರೂ ಕೂತ್ಕಳ್ರವ್ವ, ನಿಮ್ದೇ ಪಾರ್ಕು. ಅಲ್ಲ, ಈ ಉರಿಬಿಸ್ಲಲ್ಲಿ ಕಂಬ್ಳಿ ಯಾಕ್ರವ್ವ? ನಮ್ಮೂರಲ್ಲಿ ಬಿಸ್ಲು ಕಂಡ್ರೆ ನಾಯಿನೂ ಓಡೋಯ್ತದೆ."

"ನಿಮ್ಮೂರ ನಾಯಿನ ಆರಿದ್ರೆ ಮಳೆಗೆ ಇಲ್ಲಿಗೆ ಕಳ್ಸು" ಎಂದಳು ಪುಟ್ಟಕ್ಕ.

ಹೋಗಿ ನಟ್ಟನಡುವೆ ಕೂತೆವು, ಟೆನಿಸ್ಸಿನ ಸುಣ್ಣದ ಗೆರೆ ಇದ್ದಲ್ಲಿ. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ನಮ್ಮ ತಲೆಗಳಿಂದ ಹಬೆ ಏಳತೊಡಗಿತು, ಕಡುಬಿನ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಸುಮ್ಮನೆ ಕೂತರೆ ಆಗುವುದಿಲ್ಲ. ಕಣದಲ್ಲಿ ಕಾಫಿಯನ್ನು ಆಗಾಗ ಕೈಯಾಡಿಸದಿದ್ದರೆ ಒಂದು ಮೈ ಒಣಗಿ ಇನ್ನೊಂದು ಮೈ ಬೂಷ್ಟು ಹಿಡಿಯುತ್ತದೆ. ಕಂಬಳಿಯೂ ಹಾಗೆಯೇ. ನಾನು ಆಗಾಗ "ಬೆನ್ನು!" ಎಂದು ಕೂಗುತ್ತಿದ್ದೆ, ಎಲ್ಲರೂ ಬಿಸಿಲಿಗೆ ಬೆನ್ನು ಹಾಕುತ್ತಿದ್ದರು. "ಮುಖ!" ಎಂದರೆ ಈ ಕಡೆ ತಿರುಗುತ್ತಿದ್ದರು. ಆ ದಿನ ನಾನು ಮೇಸ್ತ್ರಿಗಿಂತ ಜೋರಾಗಿ ಕೂಗಿದೆ ಎಂದು ಆಮೇಲೆ ಹೇಳಿದರು. ನೋಡುವುದಕ್ಕೆ ಮಾತ್ರ ಕರಡಿಯ ಹಾಗಿದ್ದೆನಂತೆ. ಸಂತೆಗೆ ಬಂದ ಒಂದು ನಾಯಿ ಇಷ್ಟು ಜನರಲ್ಲಿ ನನ್ನೊಬ್ಬಳನ್ನೇ ಆರಿಸಿಕೊಂಡು ಬೊಗಳಿತು.

ಚಿಕ್ಕಿಯನ್ನು ಬಿಸಿಲಿಗೆ ಬರಿಮೈಯಲ್ಲಿ ಬಿಟ್ಟಿದ್ದೆ. ಹಾಲುವಾಣದ ಗೂಟ ಹಿಡಿದು ಸುತ್ತು ಬರುತ್ತಿದ್ದಳು.

ಬೇಲಿಯಾಚೆ ಸಂತೆಯ ಜನ ಸೇರಿತು. ಮೆಣಸಿನಕಾಯಿ ಮಾರುವ ಮುದುಕನೊಬ್ಬ ದುಃಖದ ದನಿಯಲ್ಲಿ, "ಯಾರು ಹೋದ್ರವ್ವಾ?" ಎಂದು ಕೇಳಿದ.

"ಇನ್ನೂ ಯಾರೂ ಹೋಗಿಲ್ಲ" ಎಂದಳು ಪುಟ್ಟಕ್ಕ. "ತಡಿ, ಸಾವ್ಕಾರ್ರು ಬರ್ಲಿ."

ಬಂದರು. ಕೋಟು, ಕೊಡೆ, ಹೊಸ ಪಂಚೆ. ಅವತ್ತು ಅವರಿಗೆ ದೊಡ್ಡ ದಿನ. ಚಿಕ್ಕಮಗಳೂರಿನ ದೊಡ್ಡ ಅಧಿಕಾರಿಯೊಬ್ಬರು ಸರ್ಕೀಟು ಮುಗಿಸಿಕೊಂಡು ಕಳಸದ ಕಡೆಯಿಂದ ಬರುವವರಿದ್ದರು. ಸಾಯಂಕಾಲ ಪಾರ್ಕು ನೋಡಿ, ಟೆನಿಸ್ ಆಡಿ, ರಾತ್ರಿ ಸರ್ಕಾರಿ ಬಂಗಲೆಯಲ್ಲಿ ಉಳಿಯುವುದು. ಪಾರ್ಕು ನೋಡಲು ಬರುವವರಿಗೆ ಕಾಣುವುದೇನು? ಹಬೆಯಾಡುವ ಹೆಂಗಸರು.

"ಏನ್ರಮ್ಮಾ ಇದು?"

"ಗಾಳಿ ಸೇವ್ನೆ ಸಾವ್ಕಾರ್ರೆ" ಎಂದೆ.

"ಕಂಬ್ಳಿ ಹರವ್ಬಾರ್ದು ಅಂತ ಡಂಗುರ ಹೊಡ್ಸಿರಲಿಲ್ವಾ?"

"ಎಲ್ಲಿ ಹರವಿದೀವಿ? ಹೊದ್ಕಂಡಿದೀವಿ."

"ಇಂಥಾ ಬಿಸ್ಲಲ್ಲಿ ಯಾರಾದ್ರೂ ಕಂಬ್ಳಿ ಹೊದೀತಾರಾ?"

ಪುಟ್ಟಕ್ಕ ಅವರನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. "ಇಂಥಾ ಬಿಸ್ಲಲ್ಲಿ ನೀವು ಕೋಟು ಹಾಕ್ಕಂಡಿಲ್ವಾ?"

ಬೇಲಿಯಾಚೆ ನಗು ಎದ್ದಿತು. ಪರ್ವತಪ್ಪನವರು ಬೆವರು ಒರೆಸಿಕೊಂಡರು. ದನಿ ಇಳಿಸಿದರು. "ನೋಡಮ್ಮ, ಜೋರು ಮಾಡೋನಲ್ಲ ನಾನು. ದೊಡ್ಡೋರು ಬರ್ತಾರೆ. ಆ ಕಡೆ ಹಾಲುವಾಣದ ಸಾಲಲ್ಲಿ ಹೋಗಿ ಕೂರಿ. ನಿಮ್ಮಂಥೋರಿಗೇ ಅಂತ ನೆರಳು ಹಾಕ್ಸಿದೀವಿ. ಇವತ್ತು ಗೂಟ, ನಾಳೆ ಮರ."

ನನಗೆ ಅಲ್ಲಿಯ ತನಕ ಸಿಟ್ಟು ಬಂದಿರಲಿಲ್ಲ. ಆಗ ಬಂತು.

"ನೆರಳಾ? ಸಾವ್ಕಾರ್ರೆ, ಹುಟ್ಟಿದ್ದು ನೆರಳಲ್ಲಿ, ಗೇಯೋದು ನೆರಳಲ್ಲಿ, ಸತ್ರೆ ಹೂಳೋದೂ ತೋಟದ ಮೂಲೇಲಿ, ನೆರಳಲ್ಲೇ. ವಾರಕ್ಕೊಂದಿನ ಬಿಸ್ಲು ಕಾಣಕ್ಕೆ ಬಂದ್ರೆ ಅಲ್ಲೂ ನೆರಳು ನೆಡ್ತೀರಾ? ನಾವೇನು ಕಾಫಿ ಗಿಡವಾ?"

"ನನ್ನ ಮರ್ಯಾದೆ ಪ್ರಶ್ನೆ ಕಣಮ್ಮ ಇದು!"

"ಮರ್ಯಾದೆ ನಿಮ್ದು, ಕೆಮ್ಮು ನಮ್ದು. ಏಳಲ್ಲ."

ಅವರು ಸಂತೆಯಲ್ಲಿದ್ದ ನಮ್ಮ ಮೇಸ್ತ್ರಿಯನ್ನು ಹಿಡಿದುಕೊಂಡು ಬಂದರು. ಮೇಸ್ತ್ರಿ ಬೇಲಿಯ ಒಳಗೆ ಬಂದು ಒಂದೊಂದೇ ಕೊಪ್ಪೆಯನ್ನು ನೋಡುತ್ತಾ ಬಂದವರು ಒಂದರ ಮುಂದೆ ನಿಂತರು. "ಇದು ನನ್ನ ಕಂಬ್ಳಿ ಅಲ್ವಾ?" ಕೊಪ್ಪೆಯ ಒಳಗಿಂದ ಅವರ ಹೆಂಡತಿ, "ಹೌದು, ನಿಮ್ದೇ. ರಾತ್ರಿ ಬೆಚ್ಗೆ ಮಲಗ್ಬೇಕಾದ್ರೆ ಬಾಯಿ ಮುಚ್ಕಂಡು ಹೋಗಿ" ಎಂದರು. ಮೇಸ್ತ್ರಿ ಪರ್ವತಪ್ಪನವರ ಕಡೆ ತಿರುಗಿ ಕೈ ಮುಗಿದು ಸಂತೆಯೊಳಗೆ ಮರೆಯಾದರು.

ಅಷ್ಟರಲ್ಲೇ ಮೋಟಾರು ಬಂದುಬಿಟ್ಟಿತು. ಸಾಯಂಕಾಲ ಬರಬೇಕಾದವರು ಮಧ್ಯಾಹ್ನಕ್ಕೇ ಬಂದರು. ಮೊದಲು ಇಳಿದವರು ಅಧಿಕಾರಿಯ ಹೆಂಡತಿ, ತೋಳಿನಲ್ಲಿ ಎಳೆಮಗು. ಆಕೆಗೆ ಪಾರ್ಕೂ ಬೇಕಿರಲಿಲ್ಲ, ಮೋಟಾರಿನ ಸದ್ದಿಗೆ ಓಡಿಬಂದ ಕಮಿಟಿಯವರ ಹಾರವೂ ಬೇಕಿರಲಿಲ್ಲ.

"ಪರ್ವತಪ್ಪನವರು ನೀವೇ ತಾನೆ? ಕಳಸದ ಹತ್ತಿರ ಮಳೆ ಸಿಕ್ಕಿ ಮೋಟಾರಿನ ಟಾಪು ಸೋರಿತು. ಹಾಸಿಗೆ, ಹೊದಿಕೆ, ಮಗುವಿನ ಬಟ್ಟೆ ಎಲ್ಲಾ ತೊಪ್ಪೆಯಾಗಿದೆ. ಬಂಗಲೆಗೆ ಹೋಗಿ ನೋಡಿದೆ, ಅಲ್ಲಿ ಬರೀ ಮರ. ಎಲ್ಲಾದ್ರೂ ಬಿಸಿಲಿದ್ದರೆ ಬೇಗ ಹಾಕಿಸಿ. ರಾತ್ರಿ ಮಗು ಮಲಗಬೇಕು."

"ಆಗ್ಲಿ ತಾಯಿ, ಆಗ್ಲಿ, ಈಗ್ಲೇ" ಎಂದು ಪರ್ವತಪ್ಪನವರು ಸುತ್ತ ನೋಡಿದರು. ಅಂಗಡಿ ಬೀದಿಯಲ್ಲಿ ಸಂತೆ. ಅವರ ಮನೆಯ ಹಿತ್ತಲಲ್ಲಿ ಹಲಸಿನ ಮರ. ಬಿಸಿಲು ಇದ್ದದ್ದು ನಾವು ಕೂತಿದ್ದ ಬಯಲಲ್ಲಿ ಮಾತ್ರ. ದೊಡ್ಡವರ ಮುಂದೆ ಅವರಿಗೆ ಬೇರೇನೂ ತೋಚಲಿಲ್ಲ.

"ತಿಮ್ಮಾ, ಹಾಸ್ಗೆ ಇಳ್ಸಿ ಹರವೋ!"

"ಎಲ್ಲಿ ಸಾವ್ಕಾರ್ರೆ?"

"ಇಲ್ಲೇ ಕಣೋ, ಹುಲ್ಲಿನ ಮೇಲೆ!"

ತಿಮ್ಮ ಒಳ್ಳೆಯ ಆಳು. ಹೇಳಿದ ಕೆಲಸವನ್ನು ಮರೆಯುವವನಲ್ಲ. "ಹುಲ್ಲಿನ ಮ್ಯಾಲೆ ಹರವಂಗಿಲ್ಲ ಅಂತ ನೀವೇ ಅಂದ್ರಲ್ಲ..."

"ಹರವೋ ಅಂದ್ರೆ ಹರವೋ!"

ತಿಮ್ಮ ಹರವಿದ. ಅಧಿಕಾರಿಯ ಹಾಸಿಗೆ, ಅಧಿಕಾರಿಯ ರಗ್ಗು, ಮಗುವಿನ ತುಂಡುಬಟ್ಟೆಗಳು, ಎಲ್ಲಾ ಸಾಲಾಗಿ. ಕೊನೆಯ ತುಂಡು ಹುಲ್ಲಿನ ಮೇಲೆ ಬೀಳುವ ತನಕ ಕಾದೆ. ಆಮೇಲೆ ಎದ್ದೆ. ತಲೆಯಿಂದ ಕೊಪ್ಪೆ ತೆಗೆದೆ, ಎರಡು ಸಲ ಝಾಡಿಸಿದೆ, ಅಧಿಕಾರಿಯ ಹಾಸಿಗೆಯ ಪಕ್ಕದಲ್ಲೇ ಹರವಿ ಮೂಲೆಗೆ ಕಲ್ಲಿಟ್ಟೆ. ನನ್ನ ಹಿಂದೆ ಪುಟ್ಟಕ್ಕ. ಅವಳ ಹಿಂದೆ ಮೇಸ್ತ್ರಿಯ ಹೆಂಡತಿ. ಬಯಲು ನೋಡನೋಡುತ್ತಾ ಕಪ್ಪಾಯಿತು. ಬೇಲಿಯಾಚೆ ಸಂತೆಯ ಜನ ಹೋ ಎಂದು ಕೂಗಿ ಚಪ್ಪಾಳೆ ತಟ್ಟಿತು. ನನ್ನ ಮೈಗೆ ಗಾಳಿ ತಗುಲಿತು. ಗಾಳಿ ಸೇವನೆ ಎಂದರೇನು ಎಂದು ಆಗ ಗೊತ್ತಾಯಿತು. ಪರ್ವತಪ್ಪನವರು ಹೇಳುತ್ತಿದ್ದದ್ದು ಸುಳ್ಳಲ್ಲ, ಒಳ್ಳೆಯದೇ ಅದು.

"ಇವರೆಲ್ಲ ಯಾಕೆ ಒದ್ದೆಯದನ್ನ ಹೊದ್ದುಕೊಂಡು ಕೂತಿದ್ದರು?" ಎಂದು ಅಧಿಕಾರಿಯ ಹೆಂಡತಿ ಕೇಳಿದರು.

"ಅದು... ಇಲ್ಲಿ ವಾಡಿಕೆ ತಾಯಿ" ಎಂದರು ಪರ್ವತಪ್ಪನವರು.

"ವಾಡ್ಕೆ ಅಲ್ಲ ಅಮ್ಮಾವ್ರೆ" ಎಂದೆ. "ಹರವ್ಬಾರ್ದು ಅಂತ ಡಂಗುರ ಆಗಿತ್ತು. ನನ್ನ ಮಗೀಗೆ ಕೆಮ್ಮು. ನಿಮ್ಮ ಮಗೀನ ಹಾಸ್ಗೆ ಬಿದ್ದಿದ್ದಕ್ಕೆ ನಮ್ದೂ ಬಿತ್ತು."

ಆಕೆ ಪರ್ವತಪ್ಪನವರನ್ನು ನೋಡಿದರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಬೈದಿದ್ದರೆ ಆ ಮನುಷ್ಯನಿಗೆ ಸಮಾಧಾನವಾಗುತ್ತಿತ್ತು.

ಅಷ್ಟರಲ್ಲಿ ಅಧಿಕಾರಿ ಟೆನಿಸ್ ಬ್ಯಾಟು ಹಿಡಿದು ಆ ಕಡೆ ಈ ಕಡೆ ಓಡಾಡಿ ನೋಡಿ, ಹಾಲುವಾಣದ ಗೂಟವೊಂದಕ್ಕೆ ಕೈಯಿಟ್ಟು, "ಇದೇನು ಪರ್ವತಪ್ಪನವರೆ, ಇಲ್ಲಿ ಕಾಫಿ ಹಾಕ್ತೀರೇನು? ಮರ ಬಂದರೆ ಚೆಂಡು ಎಲ್ಲಿ ಆಡೋದು?" ಎಂದರು. ಕಮಿಟಿಯ ಬೆಳೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಜವಾಗಿಯೂ ಅದು ಅವರ ತಲೆಗೇ ಹೊಳೆದಿರಲಿಲ್ಲ. ಮೂರು ತಲೆಮಾರು ನೆಟ್ಟೂ ನೆಟ್ಟೂ ಕೈಗೆ ಅದೇ ಅಭ್ಯಾಸ.

ಪರ್ವತಪ್ಪನವರು ನನ್ನ ಹತ್ತಿರ ಬಂದು ಮೆಲ್ಲಗೆ, "ಆಯ್ತಲ್ಲ? ಇವತ್ತೊಂದಿನ ಇರ್ಲಿ" ಎಂದರು.

"ಇವತ್ತೊಂದಿನ ಅಂತ ಮಳೆಗೆ ಹೇಳಿ ಸಾವ್ಕಾರ್ರೆ. ಅದು ಒಪ್ಪಿದ್ರೆ ನಾನೂ ಒಪ್ತೀನಿ."

"ಮತ್ತೆ ಏನ್ ಮಾಡು ಅಂತೀಯ? ಪಾರ್ಕು ಮುಚ್ಲಾ?"

"ನಿಮ್ಮೋರು ಚೆಂಡಾಡೋದು ಯಾವಾಗ?"

"ಬಿಸ್ಲು ತಗ್ಗಿದ ಮೇಲೆ."

"ಬಿಸ್ಲು ತಗ್ಗಿದ ಮೇಲೆ ನಾವು ಇಲ್ಲಿ ಕೂತು ಏನು ಬೇಯ್ಸೋದು? ಬಲೆ ಕಟ್ಟೋ ಹೊತ್ತಿಗೆ ಒಂದು ಕಂಬ್ಳಿನೂ ಇರಲ್ಲ. ಅಲ್ಲೀತನಕ ಒಂದು ಚೆಂಡೂ ಬೇಡ."

ಅವರು ಬಯಲನ್ನು ಒಮ್ಮೆ ಸುತ್ತ ನೋಡಿದರು. ತಮ್ಮದೇ ಮನೆಯಲ್ಲಿ ಗೊತ್ತಿಲ್ಲದ ಒಂದು ಕೋಣೆ ಇದೆ ಎಂದು ಯಾರೋ ಬಾಗಿಲು ತೆಗೆದು ತೋರಿಸಿದ ಹಾಗೆ. ಇಷ್ಟು ದಿನ ನೆಲಕ್ಕಾಗಿ ಕಿತ್ತಾಡಿದ್ದೆವು. ಹೊತ್ತು ಬೇಕಾದಷ್ಟಿತ್ತು. ಪುಟ್ಟಕ್ಕ ಬಿಡಲಿಲ್ಲ. "ಗೂಟ?" ಎಂದಳು. "ಕೀಳಿಸ್ತೀನಿ ಮಾರಾಯ್ತಿ, ಕೀಳಿಸ್ತೀನಿ" ಎಂದರು. "ಗಾಡಿಯೋರು?" ಎಂದಳು. ಏರಿಯ ಕೆಳಗೆ ನೀರು ಹತ್ತಿರ, ಅವರು ಅಲ್ಲೇ ಆರಾಮವಾಗಿದ್ದರು, ಆದರೂ ಕೇಳಿದಳು. ಕೈಗೆ ಸಿಕ್ಕಿದಾಗ ಎಲ್ಲವನ್ನೂ ಕೇಳಿಬಿಡಬೇಕು ಎಂಬುದು ಅವಳ ಲೆಕ್ಕ.

ಆದರೆ ಬಾಯಿಮಾತು ನನಗೆ ಸಾಲದು. ಡಂಗುರದಲ್ಲಿ ಹೋದದ್ದು ಡಂಗುರದಲ್ಲೇ ಬರಬೇಕು ಎಂದೆ. ಸಂತೆ ಕರಗುವ ಮೊದಲು ಹೊಡೆಸಿದರು. ಕಂಬಳಿ ಮಡಚಿ ತಲೆಯ ಮೇಲಿಟ್ಟುಕೊಂಡು ನಾನು ಡಂಗುರದವನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. "ಭಾನುವಾರ ಬಿಸ್ಲು ತಗ್ಗೋಗಂಟ ಕಂಬ್ಳಿ ಹರವಬೋದು" ಎಂದ.

"ಪ್ರತಿ ಭಾನುವಾರ ಅನ್ನು" ಎಂದೆ.

ಅವನು ಪರ್ವತಪ್ಪನವರ ಕಡೆ ನೋಡಿದ. ಅವರು ಕೈಬೀಸಿದರು. ಅವನು ಮೊದಲಿನಿಂದ ಮತ್ತೆ ಹೊಡೆದ, ಇನ್ನೂ ಜೋರಾಗಿ. ಬೀದಿಯ ಆ ತುದಿಯ ತನಕ ನಾನೂ ಅವನ ಜೊತೆಗೇ ನಡೆದೆ. ಪ್ರತಿ ತಿರುವಿನಲ್ಲೂ ಕೇಳಿದೆ. ಅಷ್ಟು ಚೆನ್ನಾದ ಮಾತನ್ನು ನನ್ನ ಕಿವಿ ಅಲ್ಲಿಯ ತನಕ ಕೇಳಿರಲಿಲ್ಲ, ಇದನ್ನು ನನ್ನ ಮದುವೆಯ ಓಲಗವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಆ ಕಟ್ಟಳೆ ಬಹಳ ವರ್ಷ ನಡೆಯಿತು. ದೊರೆಗಳು ಹೋದರು, ಟೆನಿಸ್ ಹೋಯಿತು, ಹಪ್ಪಳದವರು, ಸಂಡಿಗೆಯವರು, ಹಾಸಿಗೆಯವರು ಎಲ್ಲರೂ ಬಂದು ಸೇರಿದರು. ಒಂದೆರಡು ವರ್ಷದಲ್ಲೇ ಪರ್ವತಪ್ಪನವರು ಪರಸ್ಥಳದವರಿಗೆ ಪಾರ್ಕು ತೋರಿಸುವಾಗ, "ನಮ್ಮಲ್ಲಿ ಬಡವರಿಗೆ ಕಂಬಳಿ ಒಣಗಿಸಲು ಬೇರೆಯೇ ಏರ್ಪಾಡು ಮಾಡಿದ್ದೇನೆ. ಬೆಂಗಳೂರಿನಲ್ಲೂ ಇಲ್ಲ" ಎನ್ನುತ್ತಿದ್ದರು. ಒಮ್ಮೆ ನಾನು ಪಕ್ಕದಲ್ಲೇ ಇದ್ದೆ. ಅವರ ಕಣ್ಣು ನನ್ನ ಮೇಲೆ ಬಿತ್ತು. ನಾನು "ಹೌದು ಸಾವ್ಕಾರ್ರೆ" ಎಂದೆ. ಹೇಳಿಕೊಳ್ಳಲಿ. ನನಗೆ ಬೇಕಾದದ್ದು ಬಿಸಿಲು, ಅದು ಸಿಕ್ಕಿತ್ತು.

ಆ ಭಾನುವಾರ ರಾತ್ರಿಯೇ ಹುಬ್ಬೆ ಮಳೆ ಹಿಡಿಯಿತು. ಮರುದಿನ ಬೆಳಿಗ್ಗೆ, ಇನ್ನೂ ಕತ್ತಲಿರುವಾಗಲೇ, ಹಾಜರಿಗೆ ಕರೆಯುವ ತೋಟದ ಗಂಟೆ ಹೊಡೆಯಿತು. ಎಚ್ಚರವಾಯಿತು. ಮಳೆ ಸುರಿಯುತ್ತಿತ್ತು. ಚಿಕ್ಕಿ ನನ್ನ ಪಕ್ಕದಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು, ಒಣ ಕಂಬಳಿಯೊಳಗೆ ಮೈ ಬೆಚ್ಚಗಿತ್ತು, ಕೆಮ್ಮಲಿಲ್ಲ. ಗಂಟೆ ಎರಡನೆಯ ಸಲ ಹೊಡೆಯಿತು. ನಾನು ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು ಮತ್ತೆ ನಿದ್ದೆ ಮಾಡಿದೆ.